ನಿಂಗಯ್ಯನ ಹೆಸರಿದ್ದ ಪುಟ

ಜನವರಿಯ ಒಂದು ಮಂಗಳವಾರ ಸೌಂದರ್ಯ ಹುಣಸೂರಿನಲ್ಲಿ ಆ ದಿನದ ಕಾಲೇಜು ಮುಗಿಸಿ ಊರಿನಲ್ಲಿ ಬಸ್ಸಿಳಿಯುವ ಹೊತ್ತಿಗೆ, ಅರಣ್ಯ ಇಲಾಖೆಯವರು ಪಕ್ಕದ ಮನೆಯ ನಿಂಗಯ್ಯನನ್ನು ಎತ್ತಿನ ಗಾಡಿ ಸಮೇತ ಕರೆದುಕೊಂಡು ಹೋಗಿದ್ದರು. ಊರು ವೀರನಹೊಸಹಳ್ಳಿಗೆ ಎರಡು ಮೈಲಿ ಈಚೆಗಿದೆ. ಕಾಡಿನ ಅಂಚಿನ ಊರಾದ್ದರಿಂದ ಅರಣ್ಯದವರ ಜೀಪು ಬಂದು ಹೋಗುವುದು ಅಲ್ಲಿ ದೊಡ್ಡ ಸುದ್ದಿಯಲ್ಲ. ಆದರೆ ಅವಳ ಅಪ್ಪ ಚೆಲುವರಾಜು ಜಗಲಿಯ ಮೇಲೆ ಕೂತಿದ್ದ ರೀತಿಯಲ್ಲೇ ಏನೋ ಆಗಿದೆ ಅಂತ ಅವಳಿಗೆ ಗೊತ್ತಾಯಿತು.

"ಒಂದು ಕಾಗ್ದ ಹಿಡ್ಕಂಡು ಬಂದಿದ್ರು ಕಣವ್ವ," ಅಂದ ಚೆಲುವರಾಜು. "ಕಂಪ್ಯೂಟ್ರಿಂದ ತೆಗ್ದಿರೋದು. ಎಲ್ಲಾರ ಮುಂದೂ ಓದುದ್ರು. ನಿಂಗಣ್ಣ ಕಾಡಂಚಿಂದ ಸೌದೆ ತತ್ತಾನೆ ಅಂತ ಅದ್ರಲ್ಲದೆ. ಅವನ ಫೋಟೋನೂ ಅದೆ. ಕೆಳಗಡೆ ನಿನ್ನೆಸ್ರು ಅದೆ."

ಸೌಂದರ್ಯಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, ಅದು ತಾನು ಕಾಲೇಜಿಗೆ ಬರೆದ ಪ್ರಾಜೆಕ್ಟಿನ ಪುಟ ಅಂತ ಹೊಳೆಯಿತು. ಹೆಗಲ ಮೇಲಿನ ಬ್ಯಾಗು ಇಳಿಸುವುದನ್ನೂ ಮರೆತು ನಿಂತಲ್ಲೇ ನಿಂತಳು.

ಅವಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಆ ವರ್ಷ ಅವರ ಕಾಲೇಜಿಗೆ 'ಸಂಪುಟ' ಅನ್ನುವ ತಂತ್ರಾಂಶ ಬಂದಿತ್ತು. ಮೂರು ವಿಶ್ವವಿದ್ಯಾಲಯಗಳು ಸೇರಿ ಮಾಡಿದ್ದು. ಒಂದೊಂದು ವಿದ್ಯಾರ್ಥಿಗೂ ಅದರಲ್ಲಿ ಒಂದೊಂದು ಜಾಗ. ಓದುವ ವರ್ಷಗಳಲ್ಲಿ ಮಾಡಿದ ಪ್ರಾಜೆಕ್ಟು, ಬರೆದ ಲೇಖನ, ತೆಗೆದ ಚಿತ್ರ, ಅದಕ್ಕೆ ಅಧ್ಯಾಪಕರು ಹೇಳಿದ ಮಾತು, ಎಲ್ಲವನ್ನೂ ಅಲ್ಲಿ ಇಟ್ಟುಕೊಂಡು ಮುಂದೆ ಕೆಲಸಕ್ಕೋ ಓದಿಗೋ ಹೋಗುವಾಗ ತೋರಿಸಬಹುದು. ತಂತ್ರಾಂಶದ ಕೋಡು ಮುಕ್ತ. ಯಾವ ಕಾಲೇಜು ಬೇಕಾದರೂ ತೆಗೆದುಕೊಂಡು ಹಾಕಿಕೊಳ್ಳಬಹುದು, ಸರಿಯಿಲ್ಲದ್ದನ್ನು ಸರಿ ಮಾಡಬಹುದು, ಯಾರಿಗೂ ಏನೂ ಕೊಡಬೇಕಾಗಿಲ್ಲ. ಮೊದಲ ಸುತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಕೆಲವು ಕಾಲೇಜುಗಳನ್ನು ಆರಿಸಿಕೊಂಡಿದ್ದರು.

ಸಸ್ಯಶಾಸ್ತ್ರದ ಅಧ್ಯಾಪಕಿ ಉಷಾರಾಣಿಯವರಿಗೆ ಇದು ಬಹಳ ಹಿಡಿಸಿತ್ತು. ಅವರು ಪಿರಿಯಾಪಟ್ಟಣದವರು, ಹದಿನಾರು ವರ್ಷದ ಸರ್ವೀಸು. ಪ್ರತಿ ವರ್ಷ ಮಕ್ಕಳು ಬರೆದ ಪ್ರಾಜೆಕ್ಟುಗಳು ಕಪ್ಪು ರಟ್ಟಿನ ಬೈಂಡು ಹಾಕಿಸಿಕೊಂಡು ಬಂದು, ಪರೀಕ್ಷೆ ಮುಗಿದ ಮೇಲೆ ಲ್ಯಾಬಿನ ಅಟ್ಟ ಸೇರುವುದನ್ನು ನೋಡಿ ನೋಡಿ ಅವರಿಗೆ ಬೇಸರ ಬಂದಿತ್ತು. "ಇನ್ಮೇಲೆ ನಿಮ್ಮ ಕೆಲಸ ಇಲಿಗೆ ಹೋಗಲ್ಲ, ಜನಕ್ಕೆ ಹೋಗುತ್ತೆ," ಅಂತ ಕ್ಲಾಸಿನಲ್ಲಿ ಹೇಳಿದ್ದರು.

ಸೌಂದರ್ಯ ಆರಿಸಿಕೊಂಡದ್ದು ತನ್ನ ಊರಿನ ಹನ್ನೊಂದು ಬ್ಯಾರನ್‌ಗಳನ್ನು. ಆ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗೆಲ್ಲ ಒಂದೊಂದು ಬ್ಯಾರನ್ ಇರುತ್ತದೆ. ಕಿಟಕಿಯಿಲ್ಲದ ಎತ್ತರದ ಕೋಣೆ, ಒಳಗೆ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪು, ಹೊರಗಿನಿಂದ ಒಲೆ. ಐದಾರು ದಿನ ಹದವಾಗಿ ಶಾಖ ಕೊಟ್ಟು ಸೊಪ್ಪು ಬೇಯಿಸುತ್ತಾರೆ. ಒಂದು ಕೆಜಿ ಒಣಸೊಪ್ಪಿಗೆ ಎಷ್ಟು ಸೌದೆ ಸುಡುತ್ತದೆ, ಆ ಸೌದೆ ಯಾವ ಮರದ್ದು, ಎಲ್ಲಿಂದ ಬರುತ್ತದೆ ಅನ್ನುವುದು ಅವಳ ಪ್ರಶ್ನೆ. ಸೆಪ್ಟೆಂಬರ್ ತಿಂಗಳೆಲ್ಲ ತೂಗುವ ಕೊಕ್ಕೆ ಹಿಡಿದುಕೊಂಡು ಬ್ಯಾರನ್‌ನಿಂದ ಬ್ಯಾರನ್‌ಗೆ ಓಡಾಡಿದಳು. ಲೆಕ್ಕ ಹಾಕಿದಾಗ ಕೆಜಿಗೆ ಐದು ಕೆಜಿಯ ಹತ್ತಿರ ಬಂತು.

ಹತ್ತು ಮನೆಯವರು ಸೌದೆ ಮಂಡಿಯಿಂದ ತರುತ್ತೇವೆ ಅಂದರು, ಇಲ್ಲವೇ ನಮ್ಮ ಹೊಲದ ಬದುವಿನ ಸಿಲ್ವರ್ ಓಕ್ ಮರ ಅಂದರು. ನಿಂಗಯ್ಯ ಒಬ್ಬನೇ ಬೇರೆ ಥರ ಹೇಳಿದ್ದ.

"ಅರ್ಧ ಮಂಡೀದು. ಇನ್ನರ್ಧ ಕಾಡಂಚಲ್ಲಿ ಬಿದ್ದಿರೋದು ಆರುಸ್ಕಂಡ್ ಬತ್ತೀನಿ. ನಿಂತಿರೋ ಮರ ಮುಟ್ಟಿಲ್ಲ. ನಿನ್ನತ್ರ ಯಾಕವ್ವ ಸುಳ್ಳೇಳಾನ?"

ನಿಂಗಯ್ಯ ರಕ್ತಸಂಬಂಧಿಯೇನಲ್ಲ. ಎರಡು ಮನೆಯ ಬ್ಯಾರನ್‌ಗಳ ಗೋಡೆ ಒಂದೇ ಆಗಿದ್ದರಿಂದ ಅವಳಿಗೆ ಬುದ್ಧಿ ಬಂದಾಗಿನಿಂದ ಅವನು ದೊಡ್ಡಪ್ಪ. ಗೋಡೆಗೆ ಅಂಗೈ ಇಟ್ಟು ಒಳಗಿನ ಶಾಖ ಎಷ್ಟಿದೆ ಅಂತ ಹೇಳುತ್ತಿದ್ದ. ಸೌಂದರ್ಯ ಥರ್ಮಾಮೀಟರಿನ ಜೊತೆ ಹೋಲಿಸಿ ನೋಡಿದಳು. ಹತ್ತು ಸಲದಲ್ಲಿ ಎಂಟು ಸಲ ಎರಡು ಡಿಗ್ರಿಯ ಒಳಗೇ ಹೇಳಿದ್ದ. ಇದನ್ನೂ ಬರೆದಳು, ಸೌದೆಯ ಮಾತನ್ನೂ ಬರೆದಳು, ಗಾಡಿಯ ಪಕ್ಕ ಅವನು ನಿಂತಿದ್ದ ಫೋಟೋ ಹಾಕಿದಳು. ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದಳು. ಉಷಾರಾಣಿಯವರು ಓದಿ, ಅಂಗೈಯ ಭಾಗದ ಕೆಳಗೆ 'ಇದು ಯಾವ ಪುಸ್ತಕದಲ್ಲೂ ಇಲ್ಲ' ಅಂತ ಬರೆದಿದ್ದರು. ಸೌಂದರ್ಯ ಆ ಮಾತನ್ನು ಎಷ್ಟು ಸಲ ಓದಿಕೊಂಡಿದ್ದಳೋ.

ಈಗ ಆ ಪುಟ ಅರಣ್ಯದವರ ಕೈಗೆ ಹೇಗೆ ಹೋಯಿತು? ಮನೆಯೊಳಗೆ ಕೂತು ಫೋನಿನಲ್ಲಿ ಸಂಪುಟ ತೆರೆದಳು. ಪುಟದ ಕೊನೆಯಲ್ಲಿ, ಒತ್ತಿದರೆ ಮಾತ್ರ ತೆರೆದುಕೊಳ್ಳುವ ಒಂದು ಪಟ್ಟಿ ಇತ್ತು. ಅದನ್ನು ಅವಳು ಯಾವತ್ತೂ ಒತ್ತಿರಲಿಲ್ಲ. 'ಈ ಪುಟ ಯಾರಿಗೆ ಕಾಣಬೇಕು?' ಅಂತ ಅಲ್ಲಿ ಇಂಗ್ಲಿಷಿನಲ್ಲಿ ಕೇಳಿತ್ತು. ನನಗೆ ಮಾತ್ರ, ನನ್ನ ಅಧ್ಯಾಪಕರಿಗೆ ಮತ್ತು ಪರೀಕ್ಷಕರಿಗೆ, ನನ್ನ ಕಾಲೇಜಿಗೆ, ಎಲ್ಲರಿಗೂ. ಕೊನೆಯದಕ್ಕೆ ಮೊದಲೇ ಗುರುತು ಬಿದ್ದಿತ್ತು. ಗೂಗಲ್‌ನಲ್ಲಿ ಊರಿನ ಹೆಸರು, ಸೌದೆ ಅಂತ ಹಾಕಿ ನೋಡಿದಳು. ಮೊದಲು ಬಂದದ್ದೇ ಅವಳ ಪುಟ. ಕಾಡು, ಪ್ರಾಣಿ ಅಂತ ಆಸಕ್ತಿ ಇರುವವರ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಅದು ಸುತ್ತಾಡಿ, ಅಲ್ಲಿಂದ ಯಾರೋ ದೂರಿನ ಜೊತೆ ಕಳಿಸಿದ್ದರು ಅನ್ನುವುದು ಆಮೇಲೆ ತಿಳಿಯಿತು.

ಗುರುತನ್ನು 'ನನಗೆ ಮಾತ್ರ'ಕ್ಕೆ ಬದಲಾಯಿಸಿ, ಚಪ್ಪಲಿ ಮೆಟ್ಟಿಕೊಂಡು ನಿಂಗಯ್ಯನ ಮನೆಗೆ ಹೋದಳು. ಅವನ ಹೆಂಡತಿ ಸಣ್ಣತಾಯಮ್ಮ ಬಾಗಿಲಲ್ಲೇ ನಿಂತಿದ್ದಳು. ಒಳಕ್ಕೆ ಬಾ ಅನ್ನಲಿಲ್ಲ.

"ದೊಡ್ಡವ್ವ, ಅದು ಎಲ್ಲಾರ್ಗೂ ಕಾಣ್ತದೆ ಅಂತ ನಂಗೊತ್ತಿರ್ಲಿಲ್ಲ."

"ಕಾಪಿ ಕೊಟ್ಟು, ಮಣೆ ಹಾಕಿ ಕೂರ್ಸಿದ್ನಲ್ಲವ್ವ ನಿನ್ನ," ಅಂದಳು ಸಣ್ಣತಾಯಮ್ಮ. ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋದಳು.

ನಿಂಗಯ್ಯ ಮಾರನೆಯ ದಿನ ಮಧ್ಯಾಹ್ನ ಎತ್ತುಗಳನ್ನು ಹೊಡೆದುಕೊಂಡು ನಡೆದೇ ಬಂದ. ಗಾಡಿಯನ್ನು ಅಲ್ಲೇ ಇರಿಸಿಕೊಂಡಿದ್ದರು. ಜೀಪು ಬಂದ ದಿನ ಗಾಡಿಯಲ್ಲಿ ಸೌದೆಯೂ ಇತ್ತು, ಹಾಗಾಗಿ ಅವನು ಹೇಳುವುದಕ್ಕೇನೂ ಇರಲಿಲ್ಲ. ಯಾರೂ ಗದರಿಸಲಿಲ್ಲವಂತೆ, ಹೇಳಿಕೆ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರಂತೆ. ಸೌಂದರ್ಯ ಅವತ್ತು ಕಾಲೇಜಿಗೆ ಹೋಗಿರಲಿಲ್ಲ. ಕೊಟ್ಟಿಗೆಯ ಹತ್ತಿರ ಅವನಿಗಾಗಿ ಕಾದು ನಿಂತಿದ್ದಳು.

ನಿಂಗಯ್ಯ ಎತ್ತು ಕಟ್ಟಿ, ಹುಲ್ಲು ಹಾಕಿ, ಆಮೇಲೆ ಅವಳ ಕಡೆ ತಿರುಗಿದ.

"ನಾನು ಸುಳ್ಳೇಳಿದ್ನಾ? ಇಲ್ಲ. ನೀನು ಸುಳ್ಳು ಬರ್ದ್ಯಾ? ಅದೂ ಇಲ್ಲ. ಆದ್ರೆ ನಾನೇಳಿದ್ದು ನಿಂಗೆ ಕಣವ್ವ."

ಅವನು ಕೋಪ ಮಾಡಿಕೊಂಡಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಗುರುವಾರ ಲ್ಯಾಬಿನಲ್ಲಿ ಉಷಾರಾಣಿಯವರಿಗೆ ಎಲ್ಲವನ್ನೂ ಹೇಳಿದಳು. ಅವರು ತಮ್ಮ ಕ್ಲಾಸಿನ ನಲವತ್ಮೂರು ಮಕ್ಕಳ ಪುಟಗಳನ್ನೂ ಒಂದೊಂದಾಗಿ ತೆಗೆದು ನೋಡಿದರು. ನಲವತ್ತೊಂದು ಜನರದು ಎಲ್ಲರಿಗೂ ಕಾಣುವ ಹಾಗೇ ಇತ್ತು. ಒಬ್ಬ ಹುಡುಗಿ ತನ್ನ ತಾಯಿಯ ಆಸ್ಪತ್ರೆ ಚೀಟಿಯನ್ನು ಹಾಕಿದ್ದಳು. ಇನ್ನೊಬ್ಬಳ ಮನೆ ವಿಳಾಸ, ಫೋನ್ ನಂಬರು ಎರಡೂ ಇದ್ದವು.

"ನಾನು ಹೇಳಿಕೊಟ್ಟೆ, ನಾನೇ ನೋಡಿಲ್ಲ," ಅಂದರು ಉಷಾರಾಣಿ. "ಜನಕ್ಕೆ ಹೋಗುತ್ತೆ ಅಂತ ಬೇರೆ ಹೇಳಿದ್ದೆ."

ಅವತ್ತೇ ಮಕ್ಕಳನ್ನೆಲ್ಲ ಕರೆದು ಪುಟಗಳನ್ನು ಮುಚ್ಚಿಸಿದರು. ಅರಣ್ಯ ಕಚೇರಿಗೂ ಒಂದು ಪತ್ರ ಬರೆದರು. ಅದು ಓದಿಗಾಗಿ ಕೇಳಿದ ಮಾತು, ನಂಬಿ ಹೇಳಿದ ಮಾತು, ದಯವಿಟ್ಟು ಅದನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಬೇಡಿ ಅಂತ. ಪತ್ರ ತಲುಪಿದೆ, ಪರಿಶೀಲಿಸುತ್ತೇವೆ ಅಂತ ಉತ್ತರ ಬಂತು. ಅದಕ್ಕಿಂತ ಹೆಚ್ಚಿಗೆ ಅವರೂ ಹೇಳುವ ಹಾಗಿರಲಿಲ್ಲ.

ತಂತ್ರಾಂಶದಲ್ಲಿ ಏನಾದರೂ ದೋಷ ಕಂಡರೆ ಯಾರು ಬೇಕಾದರೂ ಬರೆದು ತಿಳಿಸಲು ಒಂದು ಜಾಗವಿದೆ ಅಂತ ಉಷಾರಾಣಿಯವರಿಗೆ ಗೊತ್ತಿತ್ತು. ಅಲ್ಲಿ ಬರೆಯುತ್ತಿದ್ದವರೆಲ್ಲ ಇಂಗ್ಲಿಷಿನಲ್ಲಿ ಎರಡೆರಡು ಸಾಲು ಬರೆಯುತ್ತಿದ್ದರು. ಸೌಂದರ್ಯ ಕನ್ನಡದಲ್ಲಿ ಒಂದೂವರೆ ಪುಟ ಬರೆದಳು. ಏನಾಯಿತು, ಯಾರಿಗಾಯಿತು, ಹೆಸರು ಹೇಳದೆ ಬರೆದಳು. ಕೊನೆಗೆ, 'ಮೊದಲೇ ಬಿದ್ದಿರುವ ಆ ಗುರುತನ್ನು ತೆಗೆಯಬೇಕು. ನಾವು ಹೇಳಿದ ಮೇಲೆ ಬಾಗಿಲು ತೆರೆಯಲಿ' ಅಂತ ಸೇರಿಸಿದಳು.

ಎರಡು ದಿನಕ್ಕೆ ಯತೀಶ್ ಅನ್ನುವವನಿಂದ ಉತ್ತರ ಬಂತು, ಕನ್ನಡದಲ್ಲೇ. ಅವನು ಕೆ.ಆರ್. ನಗರದವನು, ಮೂರು ವಿಶ್ವವಿದ್ಯಾಲಯಗಳಲ್ಲಿ ಒಂದರಲ್ಲಿ ಕೋಡು ಬರೆಯುವ ಕೆಲಸದಲ್ಲಿದ್ದ. 'ಇದು ಕಣ್ತಪ್ಪಿ ಆದದ್ದಲ್ಲ. ಮೂರೂ ವಿಶ್ವವಿದ್ಯಾಲಯಗಳ ಸಮಿತಿ ಹಾಗೆ ತೀರ್ಮಾನಿಸಿತ್ತು, ಆ ಕೋಡು ಬರೆದವನು ನಾನು. ನಿಮ್ಮ ಪತ್ರವನ್ನು ಸಮಿತಿಯ ಮುಂದೆ ಇಡುತ್ತೇನೆ. ಆದರೆ ನೀವೇ ಬಂದು ಹೇಳಿದರೆ ಒಳ್ಳೆಯದು. ಫೆಬ್ರವರಿ ಹತ್ತಕ್ಕೆ ಕೆ.ಆರ್. ನಗರದಲ್ಲಿ ನಾಲ್ಕೂ ತಾಲ್ಲೂಕಿನ ಅಧ್ಯಾಪಕರಿಗೆ ತರಬೇತಿ ಇದೆ, ಸಮಿತಿಯ ಸಂಚಾಲಕರೂ ಬರುತ್ತಾರೆ' ಅಂತ ಬರೆದಿದ್ದ.

"ಬರ್ತೀಯಾ?" ಅಂತ ಕೇಳಿದರು ಉಷಾರಾಣಿ.

"ಬರ್ತೀನಿ ಮೇಡಂ. ಆದ್ರೆ ಅಷ್ಟು ಜನ ಮೇಷ್ಟ್ರು ಇರ್ತಾರಲ್ಲ."

"ಇರಲಿ ಬಿಡು. ಅವರಲ್ಲಿ ಒಬ್ಬರೂ ಸೌದೆ ತೂಗಿರಲ್ಲ."

ಇಬ್ಬರೂ ಹುಣಸೂರಿನಿಂದ ಬೆಳಗಿನ ಬಸ್ಸಿಗೆ ಹೋದರು. ಸಭೆ ನಡೆದದ್ದು ಒಂದು ಕಾಲೇಜಿನ ಉದ್ದನೆಯ ಕೋಣೆಯಲ್ಲಿ, ಸುಮಾರು ಅರವತ್ತು ಜನ ಅಧ್ಯಾಪಕರಿದ್ದರು. ಸಂಚಾಲಕರಾದ ಪ್ರೊಫೆಸರ್ ರೇಣುಕಾಪ್ರಸಾದ್ ಸೌಮ್ಯ ಸ್ವಭಾವದವರು. ಸೌಂದರ್ಯಳ ಪತ್ರವನ್ನು ಪ್ರಿಂಟು ತೆಗೆಸಿ ಎಲ್ಲರಿಗೂ ಹಂಚಿಸಿದ್ದರು. ಅವಳು ಎದ್ದು ನಿಂತು ಆದದ್ದನ್ನು ಹೇಳಿದಳು. ಬ್ಯಾರನ್ ವಿಷಯ ಬಂದ ಮೇಲೆ ಮಾತು ಸಲೀಸಾಯಿತು.

"ಆದದ್ದಕ್ಕೆ ನಮಗೂ ಬೇಸರವಿದೆ," ಅಂದರು ರೇಣುಕಾಪ್ರಸಾದ್. "ಆದರೆ ನಮ್ಮ ಕಷ್ಟವನ್ನೂ ಕೇಳು. ಶುರುವಿನಲ್ಲೇ ಮುಚ್ಚಿಟ್ಟರೆ ನೂರಕ್ಕೆ ತೊಂಬತ್ತು ಮಕ್ಕಳು ಯಾವತ್ತೂ ತೆರೆಯೋದಿಲ್ಲ. ಒಳ್ಳೆ ಕೆಲಸ ಮತ್ತೆ ಅಟ್ಟ ಸೇರುತ್ತೆ. ಅಷ್ಟಕ್ಕೂ ಇದು ಮುಕ್ತ ತಂತ್ರಾಂಶ. ಮುಕ್ತ ಅಂತ ಹೇಳಿಕೊಂಡು ಎಲ್ಲವನ್ನೂ ಮುಚ್ಚಿಡೋದು ಹೇಗಮ್ಮ?"

ಸೌಂದರ್ಯ ಯೋಚಿಸಿದಳು.

"ಸಾರ್, ಕೋಡು ನಿಮ್ದು. ನೀವು ಬರೆದ್ರಿ, ಎಲ್ಲಾರೂ ತಗೊಳ್ಳಿ ಅಂತ ನೀವೇ ಕೊಟ್ರಿ. ನಮ್ಮ ದೊಡ್ಡಪ್ಪ ಹೇಳಿದ ಮಾತು ನಂದಲ್ಲ, ನಿಮ್ದೂ ಅಲ್ಲ. ಅವ್ರನ್ನ ಯಾರು ಕೇಳಿದ್ರು?"

ಎಚ್.ಡಿ. ಕೋಟೆಯಿಂದ ಬಂದಿದ್ದ ಸಮಾಜಶಾಸ್ತ್ರದ ಅಧ್ಯಾಪಕರು ಎದ್ದು, ತಮ್ಮ ಮಕ್ಕಳು ಕಾಕನಕೋಟೆಯ ಕಡೆಯ ಆದಿವಾಸಿ ಹಾಡಿಗಳಲ್ಲಿ ಜನರನ್ನು ಮಾತಾಡಿಸಿ ಬರೆದದ್ದೆಲ್ಲ ಹೀಗೆಯೇ ತೆರೆದುಕೊಂಡಿದೆ ಅಂತ ಈಗ ತಾನೇ ಫೋನಿನಲ್ಲಿ ನೋಡಿದೆ ಅಂದರು. ಅಲ್ಲಿಂದ ಸಭೆಯ ದಿಕ್ಕು ಬದಲಾಯಿತು. ಊಟದ ಹೊತ್ತಿನವರೆಗೂ ಅದೇ ಮಾತು.

ಆದರೂ ಅವತ್ತೇ ತೀರ್ಮಾನವಾಗಲಿಲ್ಲ. ಮೂರು ವಿಶ್ವವಿದ್ಯಾಲಯಗಳೂ ಒಪ್ಪಬೇಕು, ಅದು ನಿಯಮ. ಹತ್ತು ದಿನದಲ್ಲಿ ಎರಡು ಒಪ್ಪಿದವು. ಮೂರನೆಯದು, ನಮ್ಮಲ್ಲಿ ಹಾಕಿಕೊಂಡಿರುವುದರಲ್ಲಿ ಹಳೆಯ ಪದ್ಧತಿಯೇ ಇರಲಿ, ಉಳಿದವರು ಬದಲಾಯಿಸಿಕೊಳ್ಳಲಿ ಅಂತ ಪತ್ರ ಬರೆಯಿತು. ಕೋಡು ಮುಕ್ತವಾದ್ದರಿಂದ ಅದಕ್ಕೂ ಅವಕಾಶವಿತ್ತು. ಸೌಂದರ್ಯಳ ಕಾಲೇಜು ಒಪ್ಪಿದ ವಿಶ್ವವಿದ್ಯಾಲಯಕ್ಕೆ ಸೇರಿತ್ತು.

ಬದಲಾವಣೆ ಮಾಡುವ ದಿನ ಯತೀಶ್ ಹುಣಸೂರಿಗೇ ಬಂದ. ಲ್ಯಾಬಿನ ಕಂಪ್ಯೂಟರಿನ ಮುಂದೆ ಸೌಂದರ್ಯಳನ್ನು ಕೂರಿಸಿ ಕೋಡಿನ ಆ ಜಾಗವನ್ನು ತೋರಿಸಿದ. ಅವಳು ಏನೋ ದೊಡ್ಡದಿರುತ್ತದೆ ಅಂದುಕೊಂಡಿದ್ದಳು. ಒಂದೇ ಒಂದು ಸಾಲು, ಅದರಲ್ಲಿ ಒಂದು ಪದ.

"ಇಷ್ಟೇನಾ?" ಅಂದಳು.

"ಇಷ್ಟೇ," ಅಂದ ಯತೀಶ್. "ಎರಡು ವರ್ಷದ ಹಿಂದೆ ಇದನ್ನ ಟೈಪ್ ಮಾಡೋಕೆ ನಂಗೆ ಎರಡು ಸೆಕೆಂಡೂ ಹಿಡೀಲಿಲ್ಲ. ಯಾರ ಮನೆ ಮುಂದೆ ಜೀಪು ನಿಲ್ಲುತ್ತೆ ಅಂತ ಯೋಚನೆನೇ ಬರ್ಲಿಲ್ಲ ಕಣ್ರೀ. ನೀವೇ ಬದಲಾಯಿಸಿ. ನಿಮ್ಮ ಹೆಸರಲ್ಲೇ ದಾಖಲಾಗಲಿ."

ಅವಳು ಆ ಪದವನ್ನು ಅಳಿಸಿ, 'ನನಗೆ ಮಾತ್ರ' ಅನ್ನುವುದಕ್ಕೆ ಅಲ್ಲಿ ಏನು ಬರೆಯಬೇಕೋ ಅದನ್ನು ಅವನು ಹೇಳಿದಂತೆ ಟೈಪ್ ಮಾಡಿದಳು. ಆಮೇಲೆ, "ಇನ್ನೊಂದು ಸೇರಿಸ್ಬೋದಾ?" ಅಂತ ಕೇಳಿದಳು. ಯಾರಾದರೂ ಪುಟವನ್ನು ಎಲ್ಲರಿಗೂ ತೆರೆಯಲು ಹೋದರೆ ಮೊದಲು ಒಂದು ಪ್ರಶ್ನೆ ಬರಬೇಕು ಅನ್ನುವುದು ಅವಳ ಆಸೆ. ಉಷಾರಾಣಿಯವರೂ ಪಕ್ಕದಲ್ಲಿ ಕೂತು ವಾಕ್ಯವನ್ನು ತಿದ್ದಿದರು. ನಾಲ್ಕು ಸಲ ಬರೆದು ಅಳಿಸಿದ ಮೇಲೆ ಹೀಗೆ ನಿಂತಿತು: 'ಈ ಪುಟದಲ್ಲಿ ಬೇರೆಯವರ ಮಾತು ಅಥವಾ ಚಿತ್ರ ಇದೆಯೇ? ಇದ್ದರೆ, ಇದನ್ನು ಅವರಿಗೆ ಓದಿ ಹೇಳಿದ್ದೀರಾ?'

"ಒಪ್ಪಿಗೆ ಪಡೆದಿದ್ದೀರಾ ಅಂತ ಹಾಕೋಣ್ವಾ?" ಅಂದ ಯತೀಶ್.

"ಬೇಡ. ಒಪ್ಪಿಗೆ ಅಂದ್ರೆ ಒಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಬಂದ್ಬಿಡ್ತಾರೆ. ಓದಿ ಹೇಳಬೇಕು."

ಪ್ರಶ್ನೆಯನ್ನು ತಾನೇ ಬರೆದ ಮೇಲೆ ಉತ್ತರವನ್ನೂ ತಾನು ಕೊಡಬೇಕಾಗಿತ್ತು. ವಾರ್ಷಿಕ ಪರೀಕ್ಷೆಗೆ ಪ್ರಾಜೆಕ್ಟಿನ ಪುಟವನ್ನು ಮತ್ತೆ ತೆರೆಯಬೇಕು, ಹೊರಗಿನ ಪರೀಕ್ಷಕರು ನೋಡುತ್ತಾರೆ. ನಿಂಗಯ್ಯನ ಹೆಸರು ತೆಗೆದು ಇನ್ಯಾರದೋ ಹೆಸರು ಹಾಕಿದರೆ ಮುಗಿಯಿತು ಅಂತ ಸಹಪಾಠಿಗಳು ಹೇಳಿದರು. ಅವಳಿಗೆ ಅದು ಸರಿಬರಲಿಲ್ಲ. ಎಲ್ಲವನ್ನೂ ಅಳಿಸಿಬಿಡುವುದಕ್ಕೂ ಮನಸ್ಸಾಗಲಿಲ್ಲ.

ಮಾರ್ಚ್ ಮೊದಲ ವಾರ ನಿಂಗಯ್ಯನ ಗಾಡಿ ವಾಪಸ್ಸು ಬಂತು. ಇನ್ನೊಮ್ಮೆ ಸಿಕ್ಕಿದರೆ ಕೇಸು ಅಂತ ಬರೆಸಿಕೊಂಡಿದ್ದರು. ಅದಾದ ಭಾನುವಾರ ಸೌಂದರ್ಯ ಪುಟವನ್ನು ಪ್ರಿಂಟು ಹಾಕಿಸಿಕೊಂಡು ಅವನ ಹೊಲಕ್ಕೆ ಹೋದಳು. ಅವನು ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುತ್ತಿದ್ದ. ಸಣ್ಣತಾಯಮ್ಮ ಸ್ವಲ್ಪ ದೂರದಲ್ಲಿ ಕಳೆ ಕೀಳುತ್ತಿದ್ದಳು.

"ದೊಡ್ಡಪ್ಪ, ನಾನು ಬರ್ದಿದ್ದ ನಿಂಗೆ ಓದಿ ಹೇಳ್ಬೇಕು ಅಂತ ಬಂದೆ. ಬ್ಯಾಡ ಅಂದ್ರೆ ವಾಪಸ್ ಹೋಯ್ತೀನಿ."

ನಿಂಗಯ್ಯ ಬಿಂದಿಗೆ ಕೆಳಗಿಟ್ಟ. "ಅವ್ರು ಓದಿದ್ದ ಕೇಳಿವ್ನಿ. ನೀನೂ ಓದು, ನೋಡಾನ."

ಅವಳು ಬದುವಿನ ಮೇಲೆ ಕೂತು ಮೊದಲಿನಿಂದ ಓದಿದಳು. ಹನ್ನೊಂದು ಬ್ಯಾರನ್‌ಗಳ ಅಳತೆ, ಸೌದೆಯ ತೂಕ, ಯಾವ ಮರ ಎಷ್ಟು ಹೊತ್ತು ಉರಿಯುತ್ತದೆ ಅನ್ನುವ ಪಟ್ಟಿ. ಅವನು ನಡುನಡುವೆ ತಡೆದ. ಸಿಲ್ವರ್ ಸೌದೆ ಹಸಿಯಿದ್ದಾಗ ತೂಗಿದ್ದೀಯ, ಒಣಗಿದ ಮೇಲೆ ಲೆಕ್ಕ ಬೇರೆ ಬರುತ್ತದೆ ಅಂದ. ಅವಳು ಪೆನ್ನಿನಲ್ಲಿ ಗುರುತು ಮಾಡಿಕೊಂಡಳು. ಅಂಗೈಯ ಭಾಗ ಬಂದಾಗ ಅವನು ಬದುವಿನ ಮೇಲೆ ಅವಳ ಪಕ್ಕ ಬಂದು ಕೂತ. ಮೇಡಂ ಬರೆದ ಮಾತನ್ನೂ ಅವಳು ಓದಿದಳು.

"ಪುಸ್ತಕದಲ್ಲಿ ಇಲ್ವಂತಾ?"

"ಇಲ್ವಂತೆ."

"ಎರಡು ಸಲ ತಪ್ಪೇಳಿದ್ನಲ್ಲ, ಅದ್ನೂ ಬರ್ದಿದೀಯ?"

"ಬರ್ದಿದೀನಿ."

"ಅವತ್ತು ಮಳೆ ಉಯ್ದು ಗೋಡೆ ನೆಂದಿತ್ತು. ಅದ್ನೂ ಸೇರ್ಸು."

ಆಮೇಲೆ ಸೌದೆಯ ಮಾತು ಬಂತು. ಅವಳು ಅದನ್ನೂ ಬಿಡದೆ ಓದಿದಳು. ದೂರದಲ್ಲಿ ಸಣ್ಣತಾಯಮ್ಮ ಕಳೆ ಕೀಳುವುದನ್ನು ನಿಲ್ಲಿಸಿದ್ದಳು.

ನಿಂಗಯ್ಯ ಮಡಿಯನ್ನೇ ನೋಡುತ್ತ ಹೇಳಿದ: "ಕೈ ಇಟ್ಟು ಶಾಖ ಎಷ್ಟು ಅಂತ ಏಳೋದಕ್ಕೆ ನನ್ನೆಸ್ರು ಇರ್ಲಿ. ಅದು ನಂದು, ನಮ್ಮಪ್ಪ ಕೊಟ್ಟಿದ್ದು. ಸೌದೆ ಮಾತಿಗೆ ಎಸ್ರು ಬ್ಯಾಡ. ಮಾತು ಬೇಕಾರೆ ಇಟ್ಕೊ, ಸುಳ್ಳೇನಲ್ಲ. ಎಸ್ರೂ ಬ್ಯಾಡ, ಫೋಟೋನೂ ಬ್ಯಾಡ, ಊರೂ ಬ್ಯಾಡ."

"ಆಯ್ತು ದೊಡ್ಡಪ್ಪ."

"ಯಾರ್ಯಾರ್ಗೆ ಕಾಣ್ತದೆ ಅದು?"

"ಅಂಗೈದು ಎಲ್ಲಾರ್ಗೂ. ಸೌದೇದು ಮೇಡಂಗೆ, ಪರೀಕ್ಷೆ ಮಾಡೋರ್ಗೆ ಮಾತ್ರ."

"ಅಂಗೇ ಮಾಡು."

ಒಂದೇ ಪುಟದಲ್ಲಿ ಅರ್ಧ ತೆರೆದು ಅರ್ಧ ಮುಚ್ಚಲು ಸಂಪುಟದಲ್ಲಿ ಬರುವುದಿಲ್ಲ ಅಂತ ಯತೀಶ್ ಫೋನಿನಲ್ಲಿ ಹೇಳಿದ. ಅದನ್ನು ಮಾಡಲು ಇನ್ನೊಂದು ವರ್ಷವಾದರೂ ಬೇಕಂತೆ. ಹಾಗಾಗಿ ಅವಳು ಎರಡು ಬೇರೆ ಬೇರೆ ಪುಟಗಳನ್ನು ಮಾಡಿದಳು. ಸೌದೆಯ ಪುಟದಲ್ಲಿ ಊರಿನ ಹೆಸರಿರಲಿಲ್ಲ, ಹನ್ನೊಂದು ಮನೆಗಳ ಹೆಸರೂ ಇರಲಿಲ್ಲ. ಪರೀಕ್ಷೆಗೆ ಬಂದ ಪರೀಕ್ಷಕರು, ಮಾಹಿತಿ ಕೊಟ್ಟವರ ಹೆಸರು ಯಾಕಿಲ್ಲ ಅಂತ ಕೇಳಿದರು. ಅವರು ಬೇಡ ಅಂದರು ಅಂತ ಹೇಳಿದಳು. ಅದಕ್ಕೆ ಎರಡು ಅಂಕ ಕಡಿಮೆಯಾಯಿತು. ಉಷಾರಾಣಿಯವರು ತಕರಾರು ಮಾಡೋಣವೇ ಅಂದಾಗ ಬೇಡ ಮೇಡಂ ಅಂದಳು.

ಸಣ್ಣತಾಯಮ್ಮ ಅವಳ ಜೊತೆ ಮಾತಾಡಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಜೂನ್‌ನಲ್ಲಿ ಸಸಿ ನಾಟಿಗೆ ಆಳು ಕಡಿಮೆ ಬಿದ್ದ ದಿನ ಬೇಲಿಯಾಚೆಯಿಂದ, "ನಿನ್ನ ಓದು ಮುಗೀತಂತಲ್ಲ, ಬಂದು ಒಂದು ಕೈ ಹಾಕವ್ವ," ಅಂದಳು. ಸೌಂದರ್ಯ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಸಾಲಿಗಿಳಿದಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಾಲು ಮುಗಿಯಿತು.